ರೆಕ್ಕೆಯ ತುದಿಯಲ್ಲಿ ನುಸುಳುವ ಗಾಳಿ

2000ನೇ ಇಸವಿಯಲ್ಲಿ ಪವನಯಂತ್ರದ ಪಂಡಿತರೆಲ್ಲ ಒಂದು ಪರೀಕ್ಷೆಗೆ ಕುಳಿತರು. ಪರೀಕ್ಷೆ ಇಟ್ಟದ್ದು ಅಮೆರಿಕದ ನವೀಕರಿಸಬಹುದಾದ ಇಂಧನಗಳ ರಾಷ್ಟ್ರೀಯ ಪ್ರಯೋಗಾಲಯ. ಕ್ಯಾಲಿಫೋರ್ನಿಯಾದ ನಾಸಾ ಏಮ್ಸ್ ಕೇಂದ್ರದಲ್ಲಿ ಜಗತ್ತಿನಲ್ಲೇ ಅತಿ ದೊಡ್ಡ ಗಾಳಿ ಸುರಂಗವಿದೆ. ಸುಮಾರು 24 ಮೀಟರ್ ಎತ್ತರ, 37 ಮೀಟರ್ ಅಗಲ. ಅದರೊಳಗೆ 10 ಮೀಟರ್ ವ್ಯಾಸದ, ಎರಡೇ ರೆಕ್ಕೆಗಳ ಯಂತ್ರವನ್ನು ನಿಲ್ಲಿಸಿ ಗಾಳಿ ಬಿಟ್ಟರು. ಬಂದ ಅಳತೆಗಳನ್ನು ಗುಟ್ಟಾಗಿಟ್ಟು, ಈ ಯಂತ್ರ ಎಷ್ಟು ಶಕ್ತಿ ಕೊಟ್ಟಿರಬಹುದು, ಲೆಕ್ಕ ಹಾಕಿ ಹೇಳಿ ಎಂದು ಹಲವು ಸಂಸ್ಥೆಗಳ ತಜ್ಞರನ್ನು ಕೇಳಿದರು.

ಗಾಳಿ ನೇರವಾಗಿ, ಹದವಾಗಿ ಬೀಸುವ ಅತಿ ಸುಲಭದ ಪ್ರಶ್ನೆಗೇ ಬಂದ ಉತ್ತರಗಳು ನಿಜವಾದ ಶಕ್ತಿಯ ಶೇಕಡಾ 25ರಿಂದ 175ರವರೆಗೆ ಚೆಲ್ಲಾಡಿದ್ದವು. ಗಾಳಿ ಜೋರಾದಾಗ ಶೇಕಡಾ 30ರಿಂದ 275! ಸಂತೆಯ ತಕ್ಕಡಿ ಇಷ್ಟು ತೂಗಾಡಿದ್ದರೆ ಹೊಡೆದಾಟವೇ ಆಗುತ್ತಿತ್ತು.

ತಪ್ಪಿನ ಮೂಲ ಒಂದೇ ಅಲ್ಲ. ಬುಡದ ಬಳಿ, ಜೋರು ಗಾಳಿಯಲ್ಲಿ, ಹರಿವು ರೆಕ್ಕೆಯ ಮೈಬಿಟ್ಟು ಏಳುವ ಬಗೆಯೇ ಒಂದು ದೊಡ್ಡ ತಲೆನೋವು. ಆದರೆ ನನ್ನ ಕುತೂಹಲವಿರುವುದು ತುದಿಯ ಮೇಲೆ. ರೆಕ್ಕೆಯ ಹೊರಗಿನ ಶೇಕಡಾ 30 ಭಾಗವೇ ಯಂತ್ರ ಸವರುವ ವೃತ್ತದ ಅರ್ಧಕ್ಕಿಂತ ತುಸು ಹೆಚ್ಚು ಪ್ರದೇಶವನ್ನು ಕಾಯುತ್ತದೆ. ಚಿತ್ರದುರ್ಗದ ಗುಡ್ಡಗಳ ಮೇಲೆ ತೂಕಡಿಸುವಂತೆ ತಿರುಗುವ ರೆಕ್ಕೆಗಳ ತುದಿಯೂ ಗಂಟೆಗೆ 200 ಕಿಲೋಮೀಟರ್ ವೇಗ ಮೀರುವುದುಂಟು.

ರೆಕ್ಕೆಯ ಒಂದು ಮಗ್ಗುಲಲ್ಲಿ ಒತ್ತಡ ಹೆಚ್ಚು, ಇನ್ನೊಂದರಲ್ಲಿ ಕಡಿಮೆ. ತುದಿ ಸಿಕ್ಕೊಡನೆ ಗಾಳಿ ಬೇಲಿಯ ಕೊನೆ ಕಂಡ ಮೇಕೆಯಂತೆ ಸುತ್ತಿ ಆಚೆಗೆ ನುಸುಳುತ್ತದೆ. ಹಿಂದೆ ಸುಳಿಯೊಂದು ಸುರುಳಿ ಸುರುಳಿಯಾಗಿ ಬಿಚ್ಚಿಕೊಳ್ಳುತ್ತದೆ. ಏಮ್ಸ್ ಸುರಂಗದಲ್ಲಿ ತುದಿಯಿಂದ ಹೊಗೆ ಬಿಟ್ಟು ಈ ಸುರುಳಿಯನ್ನು ಕಣ್ಣಿಗೆ ಕಾಣಿಸಿದರು. ಸುಳಿ ಎದ್ದಲ್ಲಿ, ರೆಕ್ಕೆಯನ್ನು ತಿರುಗಿಸುವ ಎತ್ತುವ ಬಲ ಸೋರಿಹೋಗುತ್ತದೆ.

ಈ ಸೋರಿಕೆಗೆ 1919ರಲ್ಲೇ ಜರ್ಮನಿಯ ಗಾಟಿಂಗನ್‌ನಲ್ಲಿ ಗಾಳಿಯ ಹರಿವನ್ನು ಅಭ್ಯಸಿಸಿದ ವಿಜ್ಞಾನಿ ಲುಡ್ವಿಗ್ ಪ್ರಾಂಡ್ಟಲ್ ಒಂದು ಸೂತ್ರ ಕೊಟ್ಟಿದ್ದ. ಸುರುಳಿ ಸುತ್ತುವ ಸುಳಿಗಳ ಬದಲು ಒಂದರ ಹಿಂದೊಂದು ನಿಂತ ಚಪ್ಪಟೆ ಹಾಳೆಗಳಿವೆ ಎಂದು ಭಾವಿಸಿಕೊಂಡ ಜಾಣ ಅಂದಾಜು ಅದು. ಶತಮಾನದ ನಂತರವೂ ವಿನ್ಯಾಸದ ತಂತ್ರಾಂಶಗಳಲ್ಲಿ ಅದು ಉಸಿರಾಡುತ್ತಿದೆ. ಆದರೆ ಅಳತೆಗಳೊಂದಿಗೆ ಹೋಲಿಸಿದಾಗ ಅದು ತುದಿಯ ಮೇಲಿನ ಬಲವನ್ನು ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತಿತ್ತು. 2005ರಲ್ಲಿ ಡೆನ್ಮಾರ್ಕಿನ ಸಂಶೋಧಕರು ಇದೇ ಅಮೆರಿಕನ್ ಯಂತ್ರದ ಅಂಕಿಗಳನ್ನು ಎದುರಿಗಿಟ್ಟುಕೊಂಡು ಹೊಸ ತಿದ್ದುಪಡಿ ಸೂಚಿಸಿದರು.

ಯಂತ್ರದ 'ಸುಂಯ್' ಸದ್ದಿಗೂ ತುದಿಯ ಸುಳಿಯೇ ಕಾರಣವಿರಬೇಕೆಂಬ ಗುಮಾನಿ ಇತ್ತು. ನೆದರ್ಲೆಂಡ್ಸಿನ ಸಂಶೋಧಕರು ಸ್ಪೇನಿನ ಯಂತ್ರವೊಂದರ ಮುಂದೆ ನೂರೈವತ್ತರಷ್ಟು ಮೈಕ್ರೋಫೋನುಗಳನ್ನು ಹಾಸಿ ಆಲಿಸಿದರು. ಸದ್ದು ಹುಟ್ಟುತ್ತಿದ್ದದ್ದು ರೆಕ್ಕೆಯ ಹೊರಭಾಗದಲ್ಲೇ, ನಿಜ. ಆದರೆ ಕಟ್ಟಕಡೆಯ ತುದಿಯಲ್ಲಲ್ಲ, ಅದಕ್ಕಿಂತ ತುಸು ಒಳಗೆ. ನೆಲದ ಮೇಲೆ ನಿಂತವರ ಕಿವಿಗೆ ಅದು ಮುಟ್ಟುತ್ತಿದ್ದದ್ದು ಹೆಚ್ಚುಕಡಿಮೆ ರೆಕ್ಕೆ ಕೆಳಗಿಳಿಯುವಾಗ ಮಾತ್ರ.