ವಿಳಾಸದಂತೆ ಕಾಣುವ ಹೆಸರು: ಜೆಎಸ್‌ಪಿ ಟ್ಯಾಗ್ ಲೈಬ್ರರಿಯ ಹಳೇ ತಲೆನೋವು

ಜೆಎಸ್‌ಪಿ ಎಂದರೆ ಸರ್ವರ್‌ನಲ್ಲಿ ಜಾವಾ ಬಳಸಿ ವೆಬ್ ಪುಟ ತಯಾರಿಸುವ ವಿಧಾನ. ಅದರ ಪುಟದ ನೆತ್ತಿಯಲ್ಲಿ, ಯಾವ ಟ್ಯಾಗ್ ಲೈಬ್ರರಿ (ಸಿದ್ಧ ಟ್ಯಾಗ್‌ಗಳ ಗುಂಪು) ಬೇಕೆಂದು ಹೇಳುವ ಒಂದು ಟ್ಯಾಗ್‌ಲಿಬ್ ಸಾಲು ಇರುತ್ತದೆ. ಅದರಲ್ಲಿ ಒಂದು ಯುಆರ್‌ಐ (ಲೈಬ್ರರಿಯ ಗುರುತು), ಒಂದು ಪ್ರಿಫಿಕ್ಸ್ (ಪುಟದಲ್ಲಿ ಟ್ಯಾಗ್‌ಗಳ ಮುಂದೆ ಬರುವ ಚಿಕ್ಕ ಹೆಸರು). ಯುಆರ್‌ಐ ನೋಡಿದರೆ ಪಕ್ಕಾ ವೆಬ್ ವಿಳಾಸ: ಎಚ್‌ಟಿಟಿಪಿ, ಜಾವಾ ಡಾಟ್ ಸನ್ ಡಾಟ್ ಕಾಮ್, ಜೆಎಸ್‌ಪಿ, ಜೆಎಸ್‌ಟಿಎಲ್, ಕೋರ್. ಮೊದಲ ಸಲ 'ಈ ಯುಆರ್‌ಐ ಸಿಗುತ್ತಿಲ್ಲ' ಎಂಬ ಎರರ್ ಬಂದಾಗ ನಾನು ಮಾಡಿದ ಕೆಲಸ ಏನು ಗೊತ್ತಾ? ಸರ್ವರ್‌ಗೆ ಇಂಟರ್ನೆಟ್ ಇದೆಯಾ ಅಂತ ನೋಡಿದ್ದು. ಇಡೀ ಸಂಜೆ ಸುಮ್ನೆ ಹಾಳಾಯಿತು. ಸರ್ವರ್ ಆ ವಿಳಾಸಕ್ಕೆ ಹೋಗುವುದೇ ಇಲ್ಲ. ಅದು ಬರೀ ಒಂದು ಹೆಸರು.

ಈ ಗೊಂದಲ ಶುರುವಾದದ್ದು 1999ರಲ್ಲಿ. ಆಗ ಜೆಎಸ್‌ಪಿ ಪುಟ ಎಂದರೆ ಎಚ್‌ಟಿಎಂಎಲ್ ನಡುವೆ ತುರುಕಿದ ಜಾವಾ ಕೋಡ್. ಲೂಪ್ ಒಂದು ಕಡೆ ಶುರು, ಅದರ ಮುಚ್ಚುವ ಬ್ರಾಕೆಟ್ ಐವತ್ತು ಸಾಲು ಕೆಳಗೆ. ಇದಕ್ಕೆ ಮದ್ದಾಗಿ ಜೆಎಸ್‌ಪಿ 1.1ರಲ್ಲಿ ಕಸ್ಟಮ್ ಟ್ಯಾಗ್ ಬಂತು. ಕೋಡನ್ನು ಜಾವಾ ಕ್ಲಾಸ್‌ಗೆ ಸಾಗಿಸಿ, ಪುಟದಲ್ಲಿ ಟ್ಯಾಗ್ ಮಾತ್ರ ಉಳಿಸಿಕೊಳ್ಳಬಹುದು. ಯಾವ ಟ್ಯಾಗ್‌ಗೆ ಯಾವ ಕ್ಲಾಸ್ ಎಂದು ಟಿಎಲ್‌ಡಿ ಎಂಬ ಎಕ್ಸ್‌ಎಂಎಲ್ ಫೈಲ್ ಹೇಳುತ್ತದೆ. ಯುಆರ್‌ಐಗೂ ಟಿಎಲ್‌ಡಿಗೂ ಗಂಟು ಹಾಕುವ ಕೆಲಸ ವೆಬ್ ಡಾಟ್ ಎಕ್ಸ್‌ಎಂಎಲ್ ಎಂಬ ಸೆಟ್ಟಿಂಗ್ ಫೈಲಿನದು. ಪ್ರತಿ ಲೈಬ್ರರಿಗೂ ಅಲ್ಲಿ ಕೈಯಾರೆ ಬರೆಯಬೇಕಿತ್ತು.

2001ರ ಜೆಎಸ್‌ಪಿ 1.2 ಈ ಕೆಲಸ ತಪ್ಪಿಸಿತು. ಲೈಬ್ರರಿ ಬರುವುದು ಜಾರ್ ಎಂಬ ಪೊಟ್ಟಣದ ಫೈಲ್‌ನಲ್ಲಿ, ಬೇಕಾದರೆ ಜಿಪ್‌ನಂತೆ ಬಿಚ್ಚಿ ನೋಡಿ. ಮೆಟಾ-ಇನ್ಫ್ ಫೋಲ್ಡರ್‌ನಲ್ಲಿ ಟಿಎಲ್‌ಡಿ ಕೂತಿರುತ್ತದೆ, ಅದರೊಳಗೆ ಯುಆರ್‌ಐ ಎಂಬ ಒಂದು ಸಾಲು. ಸರ್ವರ್ ಜಾರ್‌ಗಳನ್ನೆಲ್ಲ ಜಾಲಾಡಿ ಆ ಸಾಲನ್ನು ನಿಮ್ಮ ಪುಟದ ಸಾಲಿಗೆ ಹೋಲಿಸುತ್ತದೆ. ಒಂದಕ್ಷರ ತಪ್ಪಿದರೂ ಎರರ್. ಜಾರ್ ಇಲ್ಲದಿದ್ದರೂ ಅದೇ ಎರರ್. ಟಾಮ್‌ಕ್ಯಾಟ್ ಎಂಬ ಜಾವಾ ಸರ್ವರ್ ಜೊತೆ ಜೆಎಸ್‌ಟಿಎಲ್ (ಜೆಎಸ್‌ಪಿಯ ಪ್ರಮಾಣಿತ ಟ್ಯಾಗ್ ಲೈಬ್ರರಿ) ಬರುವುದಿಲ್ಲ, ನಾವೇ ಹಾಕಿಕೊಳ್ಳಬೇಕು. ಇದನ್ನು ಮರೆತವರೇ ಜಾಸ್ತಿ.

ಒಂದೇ ಹೆಸರು ಉಳಿದಿದ್ದರೆ ಇಷ್ಟು ರಗಳೆ ಇರುತ್ತಿರಲಿಲ್ಲ. 2002ರ ಜೆಎಸ್‌ಟಿಎಲ್ 1.0ರ ಯುಆರ್‌ಐಯಲ್ಲಿ 'ಜೆಎಸ್‌ಪಿ' ಎಂಬ ತುಂಡು ಇರಲಿಲ್ಲ. 1.1ರಲ್ಲಿ ನಡುವೆ ಸೇರಿತು. ಕಾರಣ ಇತ್ತು, ಒಪ್ಪೋಣ. ಡಾಲರ್ ಚಿಹ್ನೆ, ಪುಷ್ಪಾವರಣದ ಎಕ್ಸ್‌ಪ್ರೆಶನ್ನನ್ನು (ಮೌಲ್ಯ ಬಂದು ಕೂರಬೇಕಾದ ಜಾಗವನ್ನು) ಮೊದಲು ಟ್ಯಾಗೇ ಬಿಡಿಸುತ್ತಿತ್ತು. 2003ರ ಜೆಎಸ್‌ಪಿ 2.0ರಿಂದ ಆ ಕೆಲಸ ಸರ್ವರ್‌ನ ಪಾಲಾಯಿತು. ಹಳೇ ಪುಟ, ಹೊಸ ಪುಟ ಬೇರೆ ಮಾಡಲು ಬೇರೆ ಹೆಸರು ಬೇಕಾಯಿತು. ಆದರೆ ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ, ಅಲ್ವಾ? ಜೊತೆಗೆ ಇನ್ನೊಂದು ಕಾಟ: ವೆಬ್ ಡಾಟ್ ಎಕ್ಸ್‌ಎಂಎಲ್‌ನ ತಲೆಬರಹದಲ್ಲಿ ಸರ್ವ್ಲೆಟ್ (ಜೆಎಸ್‌ಪಿಗೆ ತಳಹದಿಯಾದ ಜಾವಾ ನಿಯಮಾವಳಿ) 2.3 ಎಂಬ ಹಳೇ ಆವೃತ್ತಿಯೇ ಉಳಿದಿದ್ದರೆ ಸರ್ವರ್ ಎಕ್ಸ್‌ಪ್ರೆಶನ್ ಬಿಡಿಸುವುದಿಲ್ಲ. ಬಳಕೆದಾರರ ಹೆಸರು ಬರಬೇಕಾದ ಜಾಗದಲ್ಲಿ ಡಾಲರ್ ಚಿಹ್ನೆ ಸಮೇತ ಕೋಡೇ ತೆರೆಯ ಮೇಲೆ ಮೂಡುತ್ತದೆ.

2010ರಲ್ಲಿ, ಜಾವಾ ಹುಟ್ಟುಹಾಕಿದ ಸನ್ ಕಂಪನಿಯನ್ನು ಒರಾಕಲ್ ಕೊಂಡಿತು. ಯುಆರ್‌ಐಯಲ್ಲಿ ಮಾತ್ರ ಸನ್ ಹಾಗೇ ಉಳಿಯಿತು. ಬರೀ ಹೆಸರು ತಾನೆ, ಕಂಪನಿ ಹೋದರೂ ಟ್ಯಾಗ್ ಓಡುತ್ತದೆ.

ಆಮೇಲೆ ಜಾವಾ ಇಇ (ಜೆಎಸ್‌ಪಿಯೂ ಸೇರಿದ ಸರ್ವರ್ ಜಾವಾದ ಗುಂಪು) ಎಕ್ಲಿಪ್ಸ್ ಫೌಂಡೇಶನ್ ಕೈಗೆ ಹೋಗಿ, 2018ರಲ್ಲಿ ಜಕಾರ್ತಾ ಇಇ ಆಯಿತು. 2020ರ 9ನೇ ಆವೃತ್ತಿಯಲ್ಲಿ ಪ್ಯಾಕೇಜ್ ಹೆಸರುಗಳಲ್ಲಿದ್ದ ಜಾವಾಎಕ್ಸ್ ಹೋಗಿ ಜಕಾರ್ತಾ ಬಂತು. ಈಗ ಟಾಮ್‌ಕ್ಯಾಟ್ 10ಕ್ಕೆ ಹಳೇ ಜಾರ್ ಹಾಕಿದರೆ ಯುಆರ್‌ಐ ಹೊಂದುತ್ತದೆ, ಟಿಎಲ್‌ಡಿ ಸಿಗುತ್ತದೆ, ಆದರೆ ಒಳಗಿನ ಕ್ಲಾಸ್ ಜಾವಾಎಕ್ಸ್ ಪ್ಯಾಕೇಜನ್ನು ಹುಡುಕಿ ಬಿದ್ದುಹೋಗುತ್ತದೆ. ಎರರ್ ಬೇರೆ, ಹಾಗಾಗಿ ಹಳೇ ಮದ್ದು ನಾಟುವುದಿಲ್ಲ. ಟ್ಯಾಗ್‌ಲಿಬ್ ಸಾಲನ್ನು ಎಷ್ಟು ತಿದ್ದಿದರೂ ವ್ಯರ್ಥ, ಬದಲಿಸಬೇಕಾದ್ದು ಜಾರ್.

2022ರ ಜಕಾರ್ತಾ ಇಇ 10ರಲ್ಲಿ ಯುಆರ್‌ಐ ಕೊನೆಗೂ ವೇಷ ಕಳಚಿತು. ಜಕಾರ್ತಾ ಡಾಟ್ ಟ್ಯಾಗ್ಸ್ ಡಾಟ್ ಕೋರ್, ಅಷ್ಟೇ. ಎಚ್‌ಟಿಟಿಪಿ ಇಲ್ಲ, ಓರೆ ಗೆರೆಗಳೂ ಇಲ್ಲ. ಬ್ರೌಸರ್‌ನಲ್ಲಿ ತೆರೆದು ನೋಡೋಣ ಅಂತ ಯಾರಿಗೂ ಅನ್ನಿಸುವುದಿಲ್ಲ.