ಬ್ಲೀಡರ್ ರೆಸಿಸ್ಟರ್: ಸ್ವಿಚ್ ಆಫ್ ಆದ ಮೇಲೆ ಇದರ ಡ್ಯೂಟಿ

ವಾಲ್ವ್ ಆಂಪ್ಲಿಫೈಯರಿನ (ಗಾಜಿನ ಎಲೆಕ್ಟ್ರಾನ್ ಕೊಳವೆಗಳಿಂದ ಸದ್ದು ಹಿಗ್ಗಿಸುವ ಆಂಪ್) ಪ್ಲಗ್ ಕಿತ್ತಾಯಿತು. ಗಾಜಿನೊಳಗಿನ ಕೆಂಪು ಬೆಳಕೂ ಆರಿತು. ಇನ್ನೇನು, ಕೈ ಹಾಕಬಹುದು ಅನಿಸುತ್ತೆ ಅಲ್ವಾ? ಹಾಕಬೇಡಿ. ಒಳಗೆ 400 ವೋಲ್ಟ್ ಹಾಗೇ ಕೂತಿರಬಹುದು.

ಕೂತಿರುವುದು ಫಿಲ್ಟರ್ ಕೆಪಾಸಿಟರ್‌ಗಳಲ್ಲಿ. ಗೋಡೆಯ 230 ವೋಲ್ಟನ್ನು ಟ್ರಾನ್ಸ್‌ಫಾರ್ಮರ್ ಏರಿಸುತ್ತದೆ, ರೆಕ್ಟಿಫೈಯರ್ ಡಿಸಿ ಮಾಡುತ್ತದೆ, ಉಳಿದ ಏರಿಳಿತವನ್ನು ಕೆಪಾಸಿಟರ್ ನುಂಗಿಕೊಳ್ಳುತ್ತದೆ. ಈ ಹೈ ವೋಲ್ಟೇಜಿಗೆ 'ಬಿ ಪ್ಲಸ್' ಅನ್ನುತ್ತಾರೆ. ರೇಡಿಯೋಗಳು ಬ್ಯಾಟರಿಯಲ್ಲಿ ನಡೆಯುತ್ತಿದ್ದ ಕಾಲದ ಹೆಸರು ಅದು: ವಾಲ್ವ್ ಒಳಗೆ ಕಾಯುವ ತಂತಿಗೆ, ಅಂದರೆ ಫಿಲಮೆಂಟಿಗೆ, ಎ ಬ್ಯಾಟರಿ; ಎಲೆಕ್ಟ್ರಾನ್ ಸೆಳೆಯುವ ಪ್ಲೇಟಿಗೆ ಬಿ ಬ್ಯಾಟರಿ. ಬ್ಯಾಟರಿ ಹೋಯಿತು, ಹೆಸರು ಉಳಿಯಿತು.

ಕೆಪಾಸಿಟರ್ ನೀರಿನ ಟ್ಯಾಂಕ್ ಅಂದುಕೊಂಡರೆ, ಅದರ ತಳದಲ್ಲಿ ಬೇಕಂತಲೇ ಕೊರೆದ ಸಣ್ಣ ತೂತೇ ಬ್ಲೀಡರ್ ರೆಸಿಸ್ಟರ್. ಕೆಪಾಸಿಟರಿನ ಎರಡು ಕಾಲುಗಳ ನಡುವೆ ಕಾಯಂ ಆಗಿ ಬೆಸುಗೆ ಹಾಕಿರುತ್ತಾರೆ. ಆಂಪ್ ಓಡುವಾಗ ಅದು ಸುಮ್ನೆ ಚೂರು ಕರೆಂಟ್ ತಿನ್ನುತ್ತಿರುತ್ತದೆ. ಆಫ್ ಮಾಡಿದಾಗ ಟ್ಯಾಂಕ್ ಖಾಲಿ ಮಾಡುತ್ತದೆ.

ಒಂದು ಲೆಕ್ಕ ನೋಡೋಣ. 100 ಮೈಕ್ರೋಫ್ಯಾರಡ್ ಕೆಪಾಸಿಟರ್, 400 ವೋಲ್ಟ್, 200 ಕಿಲೋ ಓಮ್ ಬ್ಲೀಡರ್. ಮೀಟರ್ ಹಚ್ಚಿ ಆಫ್ ಮಾಡಿದರೆ, ಬರೀ ಬ್ಲೀಡರ್ ಕೆಲಸ ಮಾಡಿದರೂ 20 ಸೆಕೆಂಡಿಗೆ 147 ವೋಲ್ಟ್, 40ಕ್ಕೆ 54, ಒಂದು ನಿಮಿಷಕ್ಕೆ 20. ನೂರು ಸೆಕೆಂಡಿಗೆ ಮೂರು ವೋಲ್ಟಿಗೂ ಕಡಿಮೆ. ಇದಕ್ಕೆ ತೆರುವ ಬೆಲೆ 0.8 ವ್ಯಾಟ್ ಬಿಸಿ, ಅಷ್ಟೇ. ಒಂದೇ ರೆಸಿಸ್ಟರ್ ಬದಲು 100 ಕಿಲೋ ಓಮಿನ ಎರಡನ್ನು ಸಾಲಾಗಿ ಹಾಕುವುದು ಜಾಣತನ. ವ್ಯಾಟ್ ನೋಡಿ ಕೊಳ್ಳುವವರು ರೆಸಿಸ್ಟರಿಗೂ ವೋಲ್ಟೇಜ್ ಮಿತಿ ಇದೆ ಅನ್ನುವುದನ್ನು ಮರೆಯುತ್ತಾರೆ. ಕಾಲು ವ್ಯಾಟಿನ ಮಾಮೂಲಿ ರೆಸಿಸ್ಟರಿಗೆ ಅದು 250 ವೋಲ್ಟ್ ಆಸುಪಾಸು. ಎರಡು ವ್ಯಾಟಿನವು ತಗೊಳ್ಳಿ, ದುಡ್ಡೇನೂ ಜಾಸ್ತಿ ಆಗಲ್ಲ.

'ವಾಲ್ವ್‌ಗಳೇ ಕೆಪಾಸಿಟರನ್ನು ಖಾಲಿ ಮಾಡ್ತವಲ್ಲ, ಇದ್ಯಾಕೆ?' ಅಂತ ಕೇಳುವವರಿದ್ದಾರೆ. ನಿಜ, ಎಲ್ಲ ಸರಿ ಇದ್ದಾಗ ಕ್ಯಾಥೋಡ್ (ವಾಲ್ವಿನಲ್ಲಿ ಎಲೆಕ್ಟ್ರಾನ್ ಹೊರಬಿಡುವ ಬಿಸಿ ಭಾಗ) ತಣ್ಣಗಾಗುವಷ್ಟರಲ್ಲಿ ಅವು ಬಹುಪಾಲು ಎಳೆದುಬಿಡುತ್ತವೆ. ಆದರೆ ಎಲ್ಲ ಸರಿ ಇದ್ದಾಗ ಆಂಪನ್ನು ಯಾರು ಬಿಚ್ಚುತ್ತಾರೆ? ಬಿಚ್ಚುವುದು ಕೆಟ್ಟಾಗ. ವಾಲ್ವ್ ಕಿತ್ತಿಟ್ಟಿರುತ್ತೇವೆ, ಹೀಟರ್ ಕೈಕೊಟ್ಟಿರುತ್ತದೆ, ಬಿ ಪ್ಲಸ್ ಫ್ಯೂಸ್ ಹಾರಿರುತ್ತದೆ. ಆಗ ಚಾರ್ಜಿಗೆ ಹೊರಹೋಗುವ ದಾರಿಯೇ ಇಲ್ಲ. ಹಾಗಾಗಿ ಬ್ಲೀಡರ್ ಇರಬೇಕಾದ್ದು ನೇರ ಕೆಪಾಸಿಟರಿನ ಮೇಲೆ, ಫ್ಯೂಸ್ ಅಥವಾ ಸ್ಟ್ಯಾಂಡ್‌ಬೈ ಸ್ವಿಚ್ಚಿನ (ಹೀಟರ್ ಬಿಸಿ ಇಟ್ಟುಕೊಂಡೇ ಬಿ ಪ್ಲಸ್ ಮಾತ್ರ ಕಡಿಯುವ ಸ್ವಿಚ್) ಆಚೆ ಅಲ್ಲ.

ಇದಕ್ಕೆ ಇನ್ನೊಂದು ಕೆಲಸವೂ ಇದೆ. ಹೆಚ್ಚು ವೋಲ್ಟೇಜ್ ತಡೆಯಲೆಂದು ಎರಡು ಕೆಪಾಸಿಟರ್ ಸಾಲಾಗಿ ಹಾಕಿದಾಗ ಅವು ವೋಲ್ಟೇಜನ್ನು ಸಮನಾಗಿ ಹಂಚಿಕೊಳ್ಳುವುದಿಲ್ಲ, ಯಾಕೆಂದರೆ ಎರಡರ ಸೋರಿಕೆ ಒಂದೇ ಇರಲ್ಲ. ತಲಾ ಒಂದು ಬ್ಲೀಡರ್ ಹಾಕಿದರೆ ಪಾಲು ಸಮ ಆಗುತ್ತದೆ.

ಬ್ಲೀಡರ್ ಇದೆ ಅಂತ ನಂಬಿ ಕೂರುವಂತಿಲ್ಲ. ವರ್ಷಗಟ್ಟಲೆ ಬಿಸಿಯಲ್ಲಿ ಬೆಂದು ಅದೂ ಓಪನ್ ಆಗಬಹುದು, ಅಂದರೆ ಒಳಗೇ ಕಡಿದುಹೋಗಬಹುದು, ಹೊರಗಿನಿಂದ ನೋಡಿದರೆ ಗೊತ್ತೂ ಆಗಲ್ಲ. ಮೊದಲು ಮೀಟರ್. ಚಾರ್ಜ್ ಉಳಿದಿದ್ದರೆ 10 ಕಿಲೋ ಓಮ್, 10 ವ್ಯಾಟಿನ ವೈರ್‌ವೌಂಡ್ ರೆಸಿಸ್ಟರನ್ನು ಇನ್ಸುಲೇಟೆಡ್ ಕ್ಲಿಪ್ಪಿನಲ್ಲಿ ಸಿಕ್ಕಿಸಿ, ಐದಾರು ಸೆಕೆಂಡಿನಲ್ಲಿ ಮುಗಿಯುತ್ತದೆ. ಸ್ಕ್ರೂಡ್ರೈವರ್ ಅಡ್ಡ ಇಟ್ಟು 'ಟಪ್' ಅನಿಸುವ ಹಳೇ ಚಟ ಬೇಡ. ಖಾಲಿಯಾದ ಮೇಲೂ ಕ್ಲಿಪ್ ತೆಗೆಯಬೇಡಿ: ದೊಡ್ಡ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳಲ್ಲಿ ಸ್ವಲ್ಪ ಹೊತ್ತಿನ ನಂತರ ವೋಲ್ಟೇಜ್ ತಾನಾಗಿಯೇ ಮತ್ತೆ ಒಂದಿಷ್ಟು ಮೇಲೇಳುತ್ತದೆ.