ಕಾಂಗ್ ಸಾವಕಾಶ ನಡೀಬೇಕು

ನಮ್ಮ ಅಕ್ಕನ ಮಗ ಕಲಬುರಗಿಯಾಗೇ ಡಿಗ್ರಿ ಓದ್ಲತ್ತಾನ, ರಾತ್ರಿ ಕುಂತು ಬ್ಲೆಂಡರ್ ಅಂತ ಒಂದು ಫ್ರೀ ಸಾಫ್ಟ್‌ವೇರ್ ಅದ ನೋಡ್ರಿ, ಅದರಾಗ ಅನಿಮೇಷನ್ ಕಲೀತಾನ. ಹೋದ ತಿಂಗಳು ಹತ್ತು ಸೆಕೆಂಡಿನ ಒಂದು ಕ್ಲಿಪ್ ಮಾಡಿ ತೋರ್ಸ್ದ. ನಮ್ಮ ಕಲಬುರಗಿ ಕೋಟಿ, ಒಳಗಿನ ರಣಮಂಡಲ ಅನ್ನೋ ಎತ್ತರದ ಕಟ್ಟಡ, ಅದರ ಮುಂದ ಹಾದು ಹೋಗೋ ದೈತ್ಯ ಗೊರಿಲ್ಲಾ ಕಿಂಗ್ ಕಾಂಗ್. 1933ರ ಆ ಹಳೇ ಸಿನಿಮಾನ ಈಗಿನ ಮಂದಿಗಿ ಮತ್ತೊಮ್ಮಿ ಮಾಡಬೇಕಂದ್ರ ಹೆಂಗ ಮಾಡಬೇಕು ಅನ್ನೋದು ಅವನ ತಲಿಯಾಗ ಯಾವಾಗ್ಲೂ ಓಡ್ತಿರ್ತದ. ಕೂದ್ಲ ಚಂದ ಬಂದಾವ, ನೆರಳು ಸರಿ ಬಿದ್ದಾವ, ಆದ್ರ ಒಟ್ಟು ನೋಡಿದ್ರ ಕೋಟಿ ಆಟಿಕಿ ಸಾಮಾನಿನ ಹಂಗ, ಕಾಂಗ್ ಗುಡಿ ಮುಂದ ಕಾಯಿ ಕಸ್ಗೊಂಡು ಓಡೋ ಮಂಗ್ಯಾನ ಹಂಗ ಕಾಣ್ಲತ್ತಿತ್ತು. "ಮಾಮಾ, ಅಳತಿ ಪಕ್ಕಾ 25 ಫೂಟ್ ಕೊಟ್ಟೀನಿ, ಮತ್ಯಾಕ ದೊಡ್ಡದು ಅನ್ಸವಲ್ದು?" ಅಂತ ಕೇಳ್ದ.

ನಾ ಹೈಸ್ಕೂಲಿನ್ಯಾಗ ವಿಜ್ಞಾನ ಹೇಳೋನು, ಸಿನಿಮಾ ಮಂದಿ ಅಲ್ಲ. ಎರಡು ಮೂರು ಸಲ ಹಾಕ್ಸಿ ನೋಡಿದ್ಮ್ಯಾಲ ಗೊತ್ತಾಯ್ತು, ತಪ್ಪು ಎತ್ತರದಾಗ ಇಲ್ಲ, ಹೊತ್ತಿನ್ಯಾಗ ಅದ. ಅವನು ಮನುಷ್ಯಾ ನಡಿಯೋ ಒಂದು ರೆಡಿಮೇಡ್ ಫೈಲ್ ತಗೊಂಡು ಕಾಂಗ್‌ನ ಮೈಗಿ ಹಚ್ಚಿಬಿಟ್ಟಿದ್ದ. ಕಾಂಗ್ ಅರ್ಧ ಸೆಕೆಂಡಿಗೊಂದು ಹೆಜ್ಜಿ ಹಾಕ್ಲತ್ತಿತ್ತು, ನಾವು ನೀವು ಹಾಕಿದಂಗೇ.

ಪಂಚಮಿ ಜೋಕಾಲಿ ನೆನಪು ಮಾಡ್ಕೊಳ್ರಿ. ಮನ್ಯಾಗ ಕೂಸಿನ ತೊಟ್ಲಕ್ಕ ಹಗ್ಗ ಗಿಡ್ಡ, ತೂಗಿದ್ರ ಹೋಗಿ ಬರೋದು ಪಟ್ ಪಟ್ ಆಗ್ತದ. ಊರಾಗ ಬೇವಿನ ಗಿಡಕ್ಕ ಕಟ್ಟೋ ಉದ್ದನ ಜೋಕಾಲಿ ಹಂಗಲ್ಲ, ಮ್ಯಾಲ ಹೋಗಿ ಒಂದು ಕ್ಷಣ ನಿಂತಂಗ ಆಗಿ, ಹೊಟ್ಟಿ ಒಳಗ ಖಾಲಿ ಅನ್ಸಿ, ಆಮ್ಯಾಲ ಸಾವಕಾಶ ಕೆಳಗ ಬರ್ತದ. ಒಂದು ಮೀಟರ್ ಹಗ್ಗಕ್ಕ ಹೋಗಿ ಬರಾಕ ಸುಮಾರು 2 ಸೆಕೆಂಡು ಬೇಕು, 9 ಮೀಟರ್ ಹಗ್ಗಕ್ಕ 6 ಸೆಕೆಂಡು. ಹಗ್ಗ ಒಂಬತ್ತು ಪಟ್ಟು ಉದ್ದ ಆದ್ರ ಹೊತ್ತು ಒಂಬತ್ತು ಪಟ್ಟಲ್ಲ, ಅದರ ವರ್ಗಮೂಲ, ಅಂದ್ರ ಮೂರು ಪಟ್ಟು. ಕಾಲು ಅನ್ನೋದೂ ಟೊಂಕದಿಂದ ಜೋತುಬಿದ್ದ ಜೋಕಾಲಿನೇ. ಬೀಳೋದಕ್ಕೂ ಇದೇ ಲೆಕ್ಕ: ಐದೂವರಿ ಫೂಟ್ ಎತ್ತರದಿಂದ ಬಿಟ್ಟ ಕಲ್ಲು 0.6 ಸೆಕೆಂಡಿನೊಳಗ ನೆಲ ಮುಟ್ಟತದ, 25 ಫೂಟಿನಿಂದ ಬಿಟ್ಟದ್ದಕ್ಕ 1.25 ಸೆಕೆಂಡು ಬೇಕು. ಭೂಮಿ ಎಳಿಯೋದು ಎಲ್ಲಾರಿಗೂ ಒಂದೇ, ಕಾಂಗ್‌ಗ ಅಂತ ಬ್ಯಾರೆ ಇಲ್ಲ. ನಾವು ಕೂಸಿದ್ದಾಗಿನಿಂದ ಸಾಮಾನು ಬೀಳೋದು ನೋಡಿ ನೋಡಿ ನಮ್ಮ ಕಣ್ಣಿಗಿ ಈ ಲೆಕ್ಕ ರೂಢಿ ಆಗಿಬಿಟ್ಟದ, ಬಾಯಿಲೆ ಹೇಳಾಕ ಬರದಿದ್ರೂ ಕಣ್ಣು ತಟ್ಟನೆ ಹೇಳಿಬಿಡ್ತದ, ಇದು ಸಣ್ಣದು, ಇದು ದೊಡ್ಡದು ಅಂತ.

ನಿಂತ ಗೊರಿಲ್ಲಾ ಸುಮಾರು ಐದೂವರಿ ಫೂಟ್ ಇರ್ತದ. 25 ಫೂಟಿನ ಕಾಂಗ್ ಅಂದ್ರ ಅದರ ನಾಕೂವರಿ ಪಟ್ಟು, ವರ್ಗಮೂಲ 2.1. ಅಂದ್ರ ಕಾಂಗ್‌ನ ಹೆಜ್ಜಿ, ಕೈ ಬೀಸೋದು, ತಲಿ ತಿರುಗ್ಸೋದು ಎಲ್ಲಾ ಗೊರಿಲ್ಲಾಕ್ಕಿಂತ ಎರಡು ಪಟ್ಟು ನಿಧಾನ ಇರ್ಬೇಕು. ಸಿನಿಮಾ ಮಂದಿಗಿ ಇದು ಹಿಂದಿನಿಂದ ಗೊತ್ತದ. ಖರೇ ಕಟ್ಟಡದ ಹದಿನಾರನೇ ಒಂದು ಪಾಲಿನ ಮಾಡೆಲ್ ಕಟ್ಟಿ ಅದನ್ನ ಕೆಡವೋ ಸೀನ್ ತೆಗಿಬೇಕಂದ್ರ ಸೆಕೆಂಡಿಗಿ 24 ಫ್ರೇಮ್ (ಅಂದ್ರ 24 ಫೋಟೋ) ಬದ್ಲಿ ನಾಕು ಪಟ್ಟು, 96 ಫ್ರೇಮ್ ತೆಗಿತಾರ, ಆಮ್ಯಾಲ 24ರಾಗ ಓಡಸ್ತಾರ, ಆಗ ಎಲ್ಲಾ ನಾಕು ಪಟ್ಟು ನಿಧಾನ ಕಾಣ್ತದ. ಹದಿನಾರರ ವರ್ಗಮೂಲ ನಾಕು, ಅಷ್ಟೇ.

1933ರ ಸಿನಿಮಾದಾಗ ಕಾಂಗ್‌ನ ಅಳ್ಳಾಡಿಸಿದ ವಿಲ್ಲಿಸ್ ಓಬ್ರಯನ್ ಅವರಿಗಿ ಈ ದಾರಿನೂ ಇರ್ಲಿಲ್ಲ ನೋಡ್ರಿ, ಯಾಕಂದ್ರ ಅವರ ಕಾಂಗ್ ತಾನಾಗೇ ಅಳ್ಳಾಡೋದೇ ಅಲ್ಲ. ಒಳಗ ಲೋಹದ ಕೀಲುಗಳು, ಮ್ಯಾಲ ರಬ್ಬರ್, ಅದರ ಮ್ಯಾಲ ಮೊಲದ ತೊಗಲು ಹಚ್ಚಿದ ಒಂದೂವರಿ ಫೂಟಿನ ಗೊಂಬಿ. ಅದನ್ನ ಕೂದಲೆಳಿಯಷ್ಟು ಸರಿಸೋದು, ಒಂದು ಫ್ರೇಮ್ ತೆಗಿಯೋದು, ಮತ್ತ ಸರಿಸೋದು, ಮತ್ತ ತೆಗಿಯೋದು. ಒಂದು ನಿಮಿಷದ ಸಿನಿಮಾಕ್ಕ 1,440 ಫ್ರೇಮ್. ಅಲ್ಲಿ ಭೂಮಿ ಸೆಳೆತ ಅನ್ನೋದು ಆ ಮನುಷ್ಯಾನ ಬೆರಳಿನ್ಯಾಗೇ ಇತ್ತು, ಹೆಜ್ಜಿ ಎಷ್ಟು ಹೊತ್ತು ಗಾಳಿಯಾಗ ಇರ್ಬೇಕು ಅಂತ ಅಂದಾಜಿನ ಮ್ಯಾಲೇ ತೂಕ ತುಂಬ್ಯಾರ. ಪ್ರತಿ ಸಲ ಮುಟ್ಟಿದಾಗ ಬೆರಳಿಗಿ ಸಿಕ್ಕ ಕೂದ್ಲ ಅತ್ತಿತ್ತ ಆಗಿ ಸಿನಿಮಾದಾಗ ಕಾಂಗ್‌ನ ಮೈ ಗಾಳಿ ಬಿಟ್ಟಂಗ ಜುಮುಜುಮು ಅಂತದ. ನಂಗ ಅದು ತಪ್ಪು ಅನ್ಸೋದೇ ಇಲ್ಲ, ಒಬ್ಬ ಮನುಷ್ಯಾ ತಾಸುಗಟ್ಲೆ ಆ ಗೊಂಬಿ ಮೈ ಮುಟ್ಟ್ಯಾನ ಅನ್ನೋ ಗುರ್ತು ಅದು.

1976ರಾಗ ಮತ್ತೊಮ್ಮಿ ಮಾಡಿದಾಗ 40 ಫೂಟಿನ ಯಂತ್ರದ ಕಾಂಗ್ ಕಟ್ಟಿಸಿದ್ರು, ಆದ್ರ ಅದು ಸಿನಿಮಾದಾಗ ಭಾಳ ಸ್ವಲ್ಪ ಹೊತ್ತೇ ಕಾಣ್ತದ, ಉಳಿದದ್ದು ಹೆಚ್ಚಾಗಿ ವೇಷ ತೊಟ್ಟ ರಿಕ್ ಬೇಕರ್. 2005ರಾಗ ಪೀಟರ್ ಜಾಕ್ಸನ್ ಮಾಡಿದ್ದು 25 ಫೂಟಿನ ಕಾಂಗ್. ಅದಕ್ಕ ಆ್ಯಂಡಿ ಸರ್ಕಿಸ್ ರುವಾಂಡಾಕ್ಕ ಹೋಗಿ ಗೊರಿಲ್ಲಾಗಳ ನಡೆ ನುಡಿ ನೋಡ್ಕೊಂಡು ಬಂದು ನಟನೆ ಮಾಡಿದ್ರು, ಮೈಗಿ ಮಾರ್ಕರ್ ಹಚ್ಕೊಂಡು ಅವರು ಮಾಡಿದ್ದನ್ನ ಕಂಪ್ಯೂಟರ್ ಕಾಂಗ್‌ಗ ಹಾಕ್ತು. ಆಮ್ಯಾಲ ಸೈಜಿನ ಪೈಪೋಟಿ ಚಾಲೂ ಆಯ್ತು: 2017ರಾಗ 104 ಫೂಟ್, 2021ರಾಗ ಗಾಡ್ಜಿಲ್ಲಾ ಜೋಡಿ ಹೊಡದಾಡ್ಬೇಕಂತ 337 ಫೂಟ್.

ಇಲ್ಲೇ ನಂದು ತಕರಾರು. 337 ಫೂಟ್ ಅಂದ್ರ ಗೊರಿಲ್ಲಾದ 61 ಪಟ್ಟು, ವರ್ಗಮೂಲ ಸುಮಾರು 8. ನಾವು ಅರ್ಧ ಸೆಕೆಂಡಿನ್ಯಾಗ ಹೊಡಿಯೋ ಗುದ್ದು ಅದಕ್ಕ ನಾಕು ಸೆಕೆಂಡು ಹಿಡೀಬೇಕು. ನಾಕು ಸೆಕೆಂಡಿನ ಗುದ್ದು ಹಾಕಿದ್ರ ಫೈಟ್ ಸೀನ್ ಜಗ್ಗಂಗಿಲ್ಲ, ಅದಕ್ಕ ಸ್ಪೀಡ್ ಮಾಡ್ತಾರ, ಸ್ಪೀಡ್ ಮಾಡಿದ ಕೂಡ್ಲೇ ಕಣ್ಣು "ಇದು ಸಣ್ಣದು" ಅಂತದ, ಸಣ್ಣದು ಅನ್ಸ್ತು ಅಂತ ಮುಂದಿನ ಸಿನಿಮಾದಾಗ ಇನ್ನಾ ದೊಡ್ಡದು ಮಾಡ್ತಾರ. ಎತ್ತರ ಏರ್ಸಿದಷ್ಟೂ ತೂಕ ಕಳ್ಕೋತದ.

ತೂಕದ ಮಾತಿಗಿ ಬಂದ್ರ ಗೆಲಿಲಿಯೋನೇ 1638ರಾಗ ಬರ್ದಿಟ್ಟಾನ, ಪ್ರಾಣಿ ದೊಡ್ಡದಾದಂಗ ಎಲುಬು ಬರೇ ಉದ್ದ ಆದ್ರ ಸಾಲದು, ಭಾಳ ದಪ್ಪ ಆಗ್ಬೇಕು ಅಂತ, ಎಲುಬಿನ ಚಿತ್ರನೂ ತಗ್ದಾನ. ಯಾಕಂದ್ರ ಒಂದು ವಸ್ತು ಎಲ್ಲಾ ಕಡಿಗಿ ಎರಡು ಪಟ್ಟು ದೊಡ್ಡದು ಮಾಡಿದ್ರ ತೂಕ ಎಂಟು ಪಟ್ಟು ಆಗ್ತದ, ತೂಕ ಹೊರೋ ಎಲುಬನ್ನ ಅಡ್ಡ ಕೊಯ್ದ್ರ ಕಾಣೋ ಮುಖದ ವಿಸ್ತೀರ್ಣ ನಾಕೇ ಪಟ್ಟು. ನಾಕೂವರಿ ಪಟ್ಟಿನ ಕಾಂಗ್‌ನ ತೂಕ 90 ಪಟ್ಟಿನ ಮ್ಯಾಲೆ, ಅಂದ್ರ 180 ಕಿಲೋ ಗೊರಿಲ್ಲಾ ಹೋಗಿ ಸುಮಾರು 16 ಟನ್. ಎಲುಬಿನ ಆ ವಿಸ್ತೀರ್ಣ ಮಾತ್ರ 20 ಪಟ್ಟು. ಒಟ್ಟಿನ್ಯಾಗ ಎಲುಬಿನ ಒಂದೊಂದು ಚದರ ಇಂಚಿನ ಮ್ಯಾಲ ನಾಕೂವರಿ ಪಟ್ಟು ಭಾರ. ನಮ್ಮ ಗಂಜ್ ಬಜಾರದಾಗ ಹಮಾಲ 50 ಕಿಲೋ ತೊಗರಿ ಚೀಲ ಹೊರ್ತಾನಲ್ಲ, ಅವನು 70 ಕಿಲೋ ಇದ್ದಾನ ಅಂದ್ರ ಇದು ಹೆಂಗಂದ್ರ ಐದು ಚೀಲ ಬೆನ್ನ ಮ್ಯಾಲ ಇಟ್ಕೊಂಡು ದಿನಾ ಏಳೋದು, ನಡಿಯೋದು, ಕೂಡೋದು, ಇಳಿಸೋ ಮಾತೇ ಇಲ್ಲ. 337 ಫೂಟಿನ ಕಾಂಗ್‌ಗ ಇದೇ ಲೆಕ್ಕ ಹಾಕಿದ್ರ 84 ಚೀಲ. ಜೆ.ಬಿ.ಎಸ್. ಹಾಲ್ಡೇನ್ ಅಂತ ದೊಡ್ಡ ವಿಜ್ಞಾನಿ, 1957ರಾಗ ನಮ್ಮ ದೇಶಕ್ಕೇ ಬಂದು ಉಳಿದು ಭುವನೇಶ್ವರದಾಗ ತೀರ್ಕೊಂಡವರು, 1926ರಾಗೇ ಬರ್ದಾರ: ಮನುಷ್ಯಾನ ತೊಡಿ ಎಲುಬು ಸುಮಾರು ಹತ್ತು ಪಟ್ಟು ಭಾರಕ್ಕ ಮುರೀತದ ಅಂತ. ಹಂಗಂದ್ರ 25 ಫೂಟಿನ ಕಾಂಗ್ ಕಷ್ಟಪಟ್ಟು ಬದಕ್ತದ, 104 ಫೂಟಿಂದು ಎದ್ದು ನಿಲ್ಲೋದ್ರಾಗೇ ಕಾಲು ಮುರ್ಕೋತದ.

16 ಟನ್ನಿನ ಪ್ರಾಣಿ ಭೂಮಿ ಮ್ಯಾಲ ಖರೇನೇ ಇತ್ತು. ಪ್ಯಾರಾಸೆರಾಥೀರಿಯಮ್ ಅಂತ, ಘೇಂಡಾಮೃಗದ ಬಳಗದ್ದು, ಕೋಡಿಲ್ಲ, ತೂಕ 15ರಿಂದ 20 ಟನ್, ಬಲೂಚಿಸ್ತಾನದಾಗ ಅದರ ಎಲುಬು ಸಿಕ್ಕಾವ. ಆದ್ರ ಅದು ಕಂಬದಂಥ ನಾಕು ಕಾಲಿನ ಮ್ಯಾಲ ನಿಂತದ್ದು. ಹಂಗಾಗಿ ನಾ ಹುಡ್ಗಗ ಹೇಳ್ದೆ, ನಿನ್ನ ಕಾಂಗ್‌ನ ಎರಡು ಕಾಲಿನ ಮ್ಯಾಲ ಓಡಿಸ್ಬ್ಯಾಡ, ಕೈ ಬೆರಳಿನ ಗೆಣ್ಣು ಊರಿ ನಾಕರ ಮ್ಯಾಲ ನಡಿಸು, ಕಾಲು ದಪ್ಪ ಮಾಡು, ಜಿಗಿಸ್ಲೇಬ್ಯಾಡ. ಆನಿ ಎಂದಾದ್ರೂ ನಾಕೂ ಕಾಲು ಎತ್ತಿ ಜಿಗಿದದ್ದು ಕಂಡೀಯೇನು? ಎತ್ತರ ಅಂತೀಯಾ, ನಮ್ಮ ಕೋಟ್ಯಾಗ 29 ಫೂಟಿನ ತೋಪು ಮಲ್ಕೊಂಡದ, ಅದನ್ನ ಎತ್ತಿ ನಿಲ್ಲಿಸಿದ್ರ ನಿನ್ನ ಕಾಂಗ್‌ಕ್ಕಿಂತ ನಾಕು ಫೂಟ್ ಹೆಚ್ಚು. ಅದರ ಬಾಜೂಕ ನಿಂತು ಒಂದ್ಸಲ ಕತ್ತೆತ್ತಿ ನೋಡು, 25 ಫೂಟ್ ಕಮ್ಮಿ ಅನ್ಸ್ತದೇನು ಹೇಳು.

ಕೊನಿಗಿ ಕಾಂಗ್ ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡ ಹತ್ತಿ ವಿಮಾನದ ಗುಂಡಿಗಿ ಸಾಯೋ ಸೀನ್ ಅಂತೂ ಹೊಸದಾಗಿ ಬರೀಬೇಕು. ಕಟ್ಟಡದ ಮಾಳಿಗಿ ತನಕ 381 ಮೀಟರ್, 16 ಟನ್ ಮೈ ಅಷ್ಟು ಮ್ಯಾಲ ಒಯ್ಯಾಕ ಬೇಕಾಗೋ ಶಕ್ತಿ ಕರೆಂಟಿನ ಲೆಕ್ಕದಾಗ 16-17 ಯೂನಿಟ್, ಕೂಲರ್ ಹಚ್ಚೋ ದಿನದಾಗ ನಮ್ಮ ಮನಿಗಿ ಎರಡು ಮೂರು ದಿನ ಬರೋವಷ್ಟು. ಸ್ನಾಯು ಅನ್ನೋದು ತಿಂದದ್ದರ ನಾಕನೇ ಒಂದು ಪಾಲೇ ಕೆಲಸಕ್ಕ ಹಚ್ತದ, ಉಳಿದದ್ದು ಕಾವಾಗಿ ಹೋಗ್ತದ. ಆ ಕಾವು ಹೋಗಾಕ ಚರ್ಮ ಸಾಲಂಗಿಲ್ಲ, ಮೈ 90 ಪಟ್ಟು ಬೆಳದದ, ಚರ್ಮ 20 ಪಟ್ಟೇ. ದಾಸೋಹದ ಹಂಡೆಯಾಗಿನ ಬ್ಯಾಳಿ ತಾಸುಗಟ್ಲೆ ಬಿಸಿ ಇರ್ತದ, ಅದನ್ನೇ ವಾಟಿಗಿ ಹಾಕಿದ್ರ ಐದು ನಿಮಿಷಕ್ಕ ಆರ್ತದ, ಅದೇ ಕಾರಣ. ಎಮ್ಮಿ ಬ್ಯಾಸಗಿ ಮಧ್ಯಾಹ್ನ ಕೆರಿ ಬಿಟ್ಟು ಏಳಂಗಿಲ್ಲ, ಆನಿ ಮೈಮ್ಯಾಲ ಕೂದಲೇ ಇಲ್ಲದಂಗ ಆಗ್ಯಾವ, ಮತ್ತ ಕಾಂಗ್‌ನ ಮೈ ತುಂಬ ದಟ್ಟ ಕೂದ್ಲ. ಅದಕ್ಕ ಹತ್ತುವಾಗ ನಡನಡುವ ನಿಂತು ಬಾಯಿ ತಗ್ದು ಏದುಸಿರು ಬಿಡ್ಬೇಕು. ಗುಂಡು ಹೊಡಿಯೋ ವಿಮಾನಕ್ಕಿಂತ ಆ ಏದುಸಿರು ನೋಡಿದ್ರ ಮಂದಿಗಿ ಕಣ್ಣಾಗ ನೀರು ಬರ್ತದ ಅಂತ ನಂದು ಖಾತ್ರಿ.

ಎದಿ ಬಡಿಯೋದು. ಸಿನಿಮಾದಾಗ ಮುಷ್ಟಿ ಕಟ್ಟಿ ಬಡಸ್ತಾರ, ಖರೇ ಗೊರಿಲ್ಲಾ ಅಂಗೈ ಬೊಗಸಿ ಮಾಡಿ ಬಡೀತದ, ಹಲಗಿ ಬಡಿದಂಗಲ್ಲ, ಖಾಲಿ ಕೊಡ ಬಡಿದಂಗ ಟೊಳ್ಳು ಸಪ್ಪಳ. 2021ರಾಗ ಬಂದ ಒಂದು ಅಧ್ಯಯನದ ಪ್ರಕಾರ ಗೊರಿಲ್ಲಾ ಎಷ್ಟು ದೊಡ್ಡದೋ ಸಪ್ಪಳದ ಶ್ರುತಿ ಅಷ್ಟು ಕೆಳಗ, ಅಂದ್ರ ನಾ ಎಷ್ಟು ದೊಡ್ಡಂವ ಅಂತ ಹೊಡದಾಡೋ ಮೊದಲೇ ಹೇಳಿ ಹೊಡದಾಟ ತಪ್ಪಿಸೋದು ಅದು. ಇದೆಲ್ಲಾ 1933ರಾಗ ಯಾರಿಗಿ ಗೊತ್ತಿತ್ತು? ಬೆಟ್ಟದ ಗೊರಿಲ್ಲಾ ಅಂತ ಒಂದದ ಅನ್ನೋದು ವಿಜ್ಞಾನಿಗಳಿಗಿ ತಿಳಿದದ್ದೇ 1902ರಾಗ. ಜಾರ್ಜ್ ಶಾಲರ್ ಅನ್ನೋ ಪ್ರಾಣಿ ವಿಜ್ಞಾನಿ 1959ರಾಗ ಅವುಗಳ ಹತ್ತಿರ ಹೋಗಿ ಕುಂತು ನೋಡೋ ತನಕ ಅವು ರಾಕ್ಷಸ ಅಂತಲೇ ನಂಬಿದ್ರು, ನೋಡಿದ್ರ ಸೊಪ್ಪು ದಂಟು ತಿಂದ್ಕೊಂಡು ಮಕ್ಳು ಮರಿ ಸಂಭಾಳಸ್ಕೊಂಡಿರೋ ಸಂಸಾರಸ್ಥ ಪ್ರಾಣಿ. ಈಗ ಜಗತ್ತಿನ್ಯಾಗ ಬೆಟ್ಟದ ಗೊರಿಲ್ಲಾ ಸಾವಿರದ ಮ್ಯಾಲ ಸ್ವಲ್ಪ ಉಳದಾವ ಅಷ್ಟೇ. ಹೆಣ್ಮಗಳನ್ನ ಹೊತ್ಗೊಂಡು ಹೋಗೋ ಕಾಡು ಮೃಗ ಅಂತ ಇವತ್ತು ಮತ್ತ ತೋರ್ಸೋದು ನಂಗ ಸರಿ ಕಾಣಂಗಿಲ್ಲ.

ಮೊದಲನೇ ಕತಿ ಹುಟ್ಟಿದ್ದೂ ಒಂದು ಖರೇ ಸಾವಿನಿಂದ. 1926ರಾಗ ಡಗ್ಲಸ್ ಬರ್ಡನ್ ಅನ್ನಾಂವ ಕೊಮೊಡೊ ದ್ವೀಪಕ್ಕ ಹೋಗಿ ಅಲ್ಲಿಯ ದೊಡ್ಡ ಉಡಗಳಾಗ ಎರಡನ್ನ ಜೀವಂತ ಹಿಡ್ಕೊಂಡು ನ್ಯೂಯಾರ್ಕಿನ ಬ್ರಾಂಕ್ಸ್ ಝೂಕ್ಕ ತಂದಿದ್ದ. ನೋಡಾಕ ಮಂದಿ ಮುಗಿಬಿದ್ರು, ಅವು ಭಾಳ ದಿನ ಬದುಕ್ಲಿಲ್ಲ. ಬರ್ಡನ್‌ನ ಗೆಳೆಯ, 1933ರ ಸಿನಿಮಾ ಮಾಡಿದ ಮೆರಿಯನ್ ಕೂಪರ್ ತಲಿಯಾಗ ಅದು ಕುಂತು, ದ್ವೀಪದಾಗ ರಾಜನಾಗಿದ್ದದ್ದು ಶಹರಕ್ಕ ಬಂದು ಸಾಯೋ ಕತಿ ಆಯ್ತು. ಕಾಂಗ್‌ನ ಹೃದಯ ಇರೋದು ಅಲ್ಲಿ, ಎಷ್ಟು ಫೂಟ್ ಅನ್ನೋದ್ರಾಗಲ್ಲ.

ಖರೇ ದೊಡ್ಡ ವಾನರ ಯಾವುದಂದ್ರ ಗಿಗಾಂಟೋಪಿಥೆಕಸ್, 1935ರಾಗ ಹಾಂಗ್‌ಕಾಂಗಿನ ಔಷಧಿ ಅಂಗಡಿಯಾಗ "ಡ್ರ್ಯಾಗನ್ ಹಲ್ಲು" ಅಂತ ಮಾರ್ಲತ್ತಿದ್ದ ಹಲ್ಲಿನ್ಯಾಗ ಅದರದ್ದು ಸಿಕ್ತು. ಇವತ್ತಿಗೂ ಹಲ್ಲು ದವಡಿ ಬಿಟ್ರ ಬ್ಯಾರೆ ಎಲುಬು ಸಿಕ್ಕಿಲ್ಲ, ಅಂದಾಜು 3 ಮೀಟರ್ ಎತ್ತರ, ಒರಾಂಗುಟಾನ್ ಕಡಿ ಸಂಬಂಧಿಕ. ಕಾಡು ಬದಲಾದಾಗ ತಿನ್ನಾಕ ಸಿಗದೆ ಎರಡು ಮೂರು ಲಕ್ಷ ವರ್ಷದ ಹಿಂದ ಅಳೀತು.

ಹುಡ್ಗ ಆ ರಾತ್ರಿನೇ ಕುಂತು ಹೆಜ್ಜಿ ಎಲ್ಲಾ 2.1 ಪಟ್ಟು ಎಳದ. ಮುಂಜಾನಿ ನೋಡಿದ್ರ ಕಾಂಗ್‌ಗ ತೂಕ ಬಂದಿತ್ತು, ಕಾಲು ಊರಿದಾಗ ನಾ ಕುಂತ ಜಾಗದಾಗೇ ಜರ್ಕ್ ಹೊಡಿದಂಗ ಆಯ್ತು. ಆದ್ರ ಧೂಳು ಕೈ ಕೊಡ್ತು. ಅವನ ಧೂಳು ಕಾಲಿನ ಜೋಡಿ ಎದ್ದು ತಟ್ಟನೆ ಕೂತುಬಿಡ್ತಿತ್ತು, ದಪ್ಪ ದಪ್ಪ ಹರಳಿನ ಹಂಗ. ಕಾಂಗ್ ಎಷ್ಟೇ ದೊಡ್ಡದಿರ್ಲಿ ಧೂಳಿನ ಕಣ ದೊಡ್ಡದಾಗಂಗಿಲ್ಲ, ನೀರಿನ ಹನಿನೂ ಆಗಂಗಿಲ್ಲ, ಸಣ್ಣ ಮಾಡೆಲ್ ಇಟ್ಟು ತಗ್ದ ಹಳೇ ಸಿನಿಮಾದಾಗ ಸಮುದ್ರ ಬಕೀಟಿನ ನೀರಿನ ಹಂಗ ಕಾಣೋದು ಇದಕ್ಕೇ. ಸಣ್ಣ ಕಣನ ಗಾಳಿ ಹಿಡ್ಕೋತದ, ಅದು ಬೀಳಾಕ ಹೊತ್ತು ಬೇಕು. ಈಗ ಅವನು ಜನವರಿಯಾಗ ಊರಿಗಿ ಹೋದಾಗ ತಗ್ದಿದ್ದ ತೊಗರಿ ರಾಶಿ ವಿಡಿಯೋ ಹುಡುಕಿ ಇಟ್ಟಾನ, ಮಷೀನ್ ಬಂದ್ ಮಾಡಿದ್ಮ್ಯಾಲೂ ಹೊಟ್ಟು ಧೂಳು ಸಂಜಿ ಬಿಸಿಲಾಗ ಎಷ್ಟೋ ಹೊತ್ತು ಹಂಗೇ ನಿಂತಿರ್ತದಲ್ಲ, ಅದನ್ನ ಒಂದೊಂದೇ ಫ್ರೇಮ್ ಸರಿಸಿ ನೋಡ್ಲತ್ತಾನ.